ಹೇಳಿ ಮಾಡಿಸಿದ ಚೀರು

ಆ ಚೀರು ನಾನು ಹೇಳಿ ಮಾಡಿಸಿದ್ದು.

ಪುಣೆಯ ಭಯಕಥೆಗಾರರ ಸಮ್ಮೇಳನದಲ್ಲಿ ಭೀಮರಾವ್ ಕಾಕಾ ಅವರ ಕಥೆ ಕೇಳಿ ಯಾವ ಹೆಣ್ಣುಮಗಳೂ ಹೆದರಿ ಚೀರಲಿಲ್ಲ. ನಾನೇ ಕರೆತಂದು ಕೂರಿಸಿದ ಹೆಣ್ಣುಮಗಳು, ನಾನು ಕೊಟ್ಟ ಗುರುತಿಗೆ, ನಾನು ಕೇಳಿಕೊಂಡದ್ದಕ್ಕಿಂತ ಜೋರಾಗಿ ಚೀರಿದಳು — ತಪ್ಪು ಕಥೆಗೆ. ವಿಷಯ ಇಷ್ಟೇ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ವರ್ಷಗಳೇ ಹಿಡಿದವು. ದೆವ್ವದ ಕಾದಂಬರಿ ಬರೆಯುವವನಿಗೆ ಧೈರ್ಯ ಜಾಸ್ತಿ ಅಂತ ಯಾರು ಹೇಳಿದರೋ —

ನನ್ನ ಹೆಸರು ಹೇಳಿದರೂ ನಿಮಗೆ ಗುರುತು ಸಿಗುವುದಿಲ್ಲ, ಅದಕ್ಕೇ ಹೇಳುವುದಿಲ್ಲ. ತೊಂಬತ್ತರ ದಶಕದ ಕೊನೆ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಪುಣೆಯ ಒಂದು ಸೀರೆ ಅಂಗಡಿಯಲ್ಲಿ ಕಾರಕೂನರಾಗಿದ್ದರು. ನಾವು ಪೇಠೆಯ ಹಳೆಯ ವಾಡೆಯೊಂದರಲ್ಲಿ, ಹತ್ತಾರು ಬಾಡಿಗೆ ಸಂಸಾರಗಳ ನಡುವೆ, ಇದ್ದೆವು. ಕಾಲೇಜು ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು 'ಸ್ಮಶಾನದ ಸೊಸೆ' ಎಂಬ ಕಾದಂಬರಿ ಬರೆದಿದ್ದೆ. ಅದರ ಮೂರನೆಯ ಅಧ್ಯಾಯದಲ್ಲಿ ಸತ್ತ ಮಾವ ಏಳನೆಯ ಅಧ್ಯಾಯದಲ್ಲಿ ಪಡಸಾಲೆಗೆ ಬಂದು ಉಪ್ಪಿಟ್ಟು ತಿನ್ನುತ್ತಾನೆ. ದೆವ್ವವಾಗಿ ಅಲ್ಲ, ಅವನು ಸತ್ತದ್ದು ನನಗೇ ಮರೆತುಹೋಗಿತ್ತು. ಓದಿದ ನಾಲ್ಕು ಜನ ಮಾತ್ರ ಇಡೀ ಪುಸ್ತಕದಲ್ಲಿ ಮೈ ಜುಮ್ಮೆಂದ ಜಾಗ ಅದೊಂದೇ ಅಂದರು. ನಾನು ವಿನಯದಿಂದ ತಲೆಯಾಡಿಸಿದೆ. ಸುಳ್ಳಿನ ರುಚಿ ಹತ್ತಿದ್ದು ಅಲ್ಲಿಂದಲೇ ಇರಬೇಕು.

ಭೀಮರಾವ್ ಕಾಕಾ ಅಪ್ಪನ ಗೆಳೆಯರು. ರೇಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಸರಿನಲ್ಲಿ ಮಾತ್ರ ಭೀಮ; ಜೋರು ಗಾಳಿ ಬೀಸಿದರೆ ಅವರ ಕೊಡೆಯನ್ನಲ್ಲ, ಅವರನ್ನೇ ಹಿಡಿದುಕೊಳ್ಳಬೇಕು. ನಾನು ಹುಟ್ಟುವ ಮೊದಲಿನಿಂದ ದೆವ್ವದ ಕಥೆ ಬರೆಯುತ್ತಿದ್ದರು. ಒಂದೇ ತೊಂದರೆ — ಅವರ ದೆವ್ವಗಳು ಭಾರೀ ಸಭ್ಯಸ್ಥರು. ಬಾಗಿಲು ಬಡಿಯದೆ ಒಳಗೆ ಬರುವುದಿಲ್ಲ. ಬಂದರೆ ಚಪ್ಪಲಿ ಹೊರಗೆ ಬಿಡುತ್ತವೆ. ಮನೆಯಲ್ಲಿ ಹಸುಗೂಸು ಮಲಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೊರಟುಹೋಗುತ್ತವೆ. ಅವರ ಹೆಂಡತಿ ನಿದ್ದೆ ಹತ್ತದ ದಿನ "ನಿಮ್ಮ ದೆವ್ವದ್ದೊಂದು ಕಥಿ ಓದ್ರಿ" ಅಂತ ತಾವಾಗಿಯೇ ಕೇಳುತ್ತಿದ್ದರಂತೆ. ಕಾಕಾ ಇದನ್ನು ತಾವೇ ಹೇಳಿ ನಗುತ್ತಿದ್ದರು. ಆದರೆ ನಕ್ಕಾದ ಮೇಲೆ ಒಮ್ಮೊಮ್ಮೆ —

"ಒಬ್ಬರರ ಹೆದರಬೇಕಲ್ಲೋ ತಮ್ಮಾ. ಒಬ್ಬರಾದ್ರೂ."

ಹೀಗೆ ಅಂದಿದ್ದರು ನನ್ನೆದುರು. ಇದನ್ನು ಮುಂದೆ ಎಷ್ಟೋ ವರ್ಷ ನಾನು ನನ್ನ ಅನುಕೂಲಕ್ಕೆ ಬಳಸಿಕೊಂಡೆ.

ಸಮ್ಮೇಳನವನ್ನು ಮರಾಠಿ ಮತ್ತು ಕನ್ನಡದ ಕೆಲವು ಹುಚ್ಚರು ಸೇರಿ ನಡೆಸಿದ್ದರು. ಜಾಗ — ಒಂದು ಮಂಗಲ ಕಾರ್ಯಾಲಯ. ಪಿತೃಪಕ್ಷದಲ್ಲಿ ಮದುವೆ ಇರುವುದಿಲ್ಲ, ಹಾಲ್ ಖಾಲಿ, ಸಸ್ತಾದಲ್ಲಿ ಸಿಗುತ್ತದೆ. ಮೇಲಾಗಿ ಹಿರಿಯರು ಹೇಗೂ ಭೂಮಿಗೆ ಇಳಿದುಬಂದಿರುತ್ತಾರೆ, ಅವರೂ ಕೇಳಿಕೊಂಡು ಹೋಗಲಿ ಎಂದು ಒಬ್ಬರು ಚೇಷ್ಟೆ ಮಾಡಿದರು. ಕಿಟಕಿಗಳಿಗೆಲ್ಲ ಕರಿ ಬಟ್ಟೆ ಕಟ್ಟಿ ಹಗಲನ್ನು ಕತ್ತಲು ಮಾಡಿದ್ದರು. ವೇದಿಕೆಯ ಹಿಂದೆ ಮಾತ್ರ ಹಿಂದಿನ ಮದುವೆಯ ಥರ್ಮಾಕೋಲ್ ಅಕ್ಷರಗಳು ಹಾಗೇ ಉಳಿದಿದ್ದವು: ಶುಭವಿವಾಹ.

ಅಲ್ಲಿಯ ಪದ್ಧತಿಯೊಂದನ್ನು ಹೇಳಲೇಬೇಕು, ಯಾಕೆಂದರೆ ನನ್ನ ಇಡೀ ಕುತಂತ್ರ ನಿಂತದ್ದು ಅದರ ಮೇಲೆ. ಅಲ್ಲಿ ಕಥೆಗಾರ ತನ್ನ ಕಥೆ ತಾನು ಓದುವಂತಿಲ್ಲ. ಮದುವೆಯಲ್ಲಿ ಗಂಡು-ಹೆಣ್ಣಿನ ನಡುವೆ ಹಿಡಿಯುತ್ತಾರಲ್ಲ, ಅಂಥ ಅಂತಃಪಟವನ್ನು ಅಡ್ಡ ಕಟ್ಟಿ, ಅದರ ಹಿಂದೆ ಕಂಪನಿ ನಾಟಕದ ಒಬ್ಬ ಹಳೆಯ ನಟರನ್ನು ಕೂರಿಸಿದ್ದರು. ಕನ್ನಡ ಕಥೆಗಳನ್ನೆಲ್ಲ ಓದುವವರು ಅವರೇ. ಬರೆದವರ ಹೆಸರನ್ನು ಎಲ್ಲ ಕಥೆ ಮುಗಿದ ಮೇಲೆ ಹೇಳುವುದು. ಹೆಸರು ನೋಡಿ ಚಪ್ಪಾಳೆ ತಟ್ಟಬಾರದು, ಕಥೆ ಕೇಳಿ ತಟ್ಟಬೇಕು ಅಂತ. ಬಹಳ ಪ್ರಾಮಾಣಿಕವಾದ ಪದ್ಧತಿ. ಅದಕ್ಕೇ ನನಗೆ ಅದರಲ್ಲಿ ತೂತು ಕಂಡಿತು.

ಹುಬ್ಬಳ್ಳಿಯ ವಾರಪತ್ರಿಕೆಯ ಸಂಪಾದಕರೊಬ್ಬರು ಬರುತ್ತಾರೆ, ಸಭೆಯನ್ನು ನಡುಗಿಸಿದವನಿಗೆ ಧಾರಾವಾಹಿ ಬರೆಯಲು ಕೊಡುತ್ತಾರೆ ಅಂತ ಸುದ್ದಿ ಇತ್ತು. ನನ್ನ ಹೆಸರನ್ನು ಸಮ್ಮೇಳನಕ್ಕೆ ಸೇರಿಸಿದವರು ಕಾಕಾ. "ಈ ಹುಡುಗನ್ನೂ ಕರೀರಿ, ಭಾಳ ಉಮೇದಿ ಅದ" ಅಂತ ಅದನ್ನು ನಡೆಸುವವರ ಮುಂದೆ ನಿಂತು ಹೇಳಿದ್ದರು. ಸೇರಿಸಿದ್ದು ಅವರು; ಸಭೆಯನ್ನು ನಡುಗಿಸುವ ಜವಾಬ್ದಾರಿ ನನ್ನದು. ನನ್ನ ಕಥೆಯ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ — ಸತ್ತ ಮಾವನ ಉಪ್ಪಿಟ್ಟು ನೆನಪಿತ್ತು. ಆದ್ದರಿಂದ ನಮ್ಮ ವಾಡೆಯ ಸುಮಿತ್ರಾ ಮಾಮಿಯ ಹತ್ತಿರ ಹೋದೆ. ಗದಗಿನ ಹೆಣ್ಣುಮಗಳು. ಅವರು ಮೂರನೇ ಮಾಳಿಗೆಯಿಂದ ತರಕಾರಿ ಮಾರುವ ಭಾಜಿವಾಲಾನನ್ನು ಕರೆದರೆ ಮುಂದಿನ ಗಲ್ಲಿಯ ಭಾಜಿವಾಲಾನೂ ಬರುತ್ತಿದ್ದ.

"ಮಾಮಿ, ಒಂದ ಸಲ ಚೀರಬೇಕಾಗೇದ್ರಿ."

"ಯಾಕೋ, ನಿಮ್ಮಪ್ಪ ಮತ್ತ ಬಡದನೇನು?"

ಎಲ್ಲ ವಿವರಿಸಿದೆ. ಪಡದೆಯ ಹಿಂದೆ ಒಬ್ಬರೇ ಓದುತ್ತಾರೆ, ಯಾರ ಕಥೆ ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಒಂದು ಗುರುತು ಇಟ್ಟುಕೊಳ್ಳೋಣ. "ಕಥಿಯೊಳಗ ಗೆಜ್ಜಿ ಸಪ್ಪಳ ಆತು ಅಂತ ಬರತದ. ಬಂದ ಕೂಡ್ಲೆ ಚೀರ್ರಿ."

"ಎಷ್ಟು ಜೋರ?"

"ನಳದ ನೀರು ಬಂದಾಗ ಒದರತೀರಲ್ಲಾ, ಅಷ್ಟು."

"ಹುಚ್ಚಪ್ಯಾ, ಅದು ನಾ ಬರೇ ಮಾತಾಡೂದೋ."

ಗೆಜ್ಜೆ ಸಪ್ಪಳ! ಭಯಕಥೆಯಲ್ಲಿ ಗೆಜ್ಜೆ ಸಪ್ಪಳ ಎಂಬುದನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದವನು ನಾನೇ ಎಂದು ಆಗ ನನಗೆ ಖಾತ್ರಿಯಾಗಿತ್ತು. ಬೇರೆ ಯಾರಾದರೂ ಬಳಸಿಯಾರು ಎಂಬ ಅನುಮಾನವೇ ಬರಲಿಲ್ಲ. ನಾನು ಬೇರೆಯವರ ಭಯಕಥೆಗಳನ್ನು ಓದುತ್ತಿರಲಿಲ್ಲ — ಹೆದರಿಕೆಯಾಗುತ್ತಿತ್ತು.

ಆ ದಿನ ನಾನು ಕರಿ ಜುಬ್ಬಾ ತೊಟ್ಟಿದ್ದೆ. ಗಡ್ಡ ಬಿಡಲು ನೋಡಿದ್ದೆ, ಗಡ್ಡ ಒಪ್ಪಿರಲಿಲ್ಲ. ಗಲ್ಲದ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು, ಪರವೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಹಾಗೆ. ಕಡೆಗೆ ತಂಗಿಯ ಕಾಡಿಗೆಯನ್ನು ಕಣ್ಣಿಗೆ ಬಳಿದುಕೊಂಡೆ. ಸೈಕಲ್ ತುಳಿಯುವಷ್ಟರಲ್ಲಿ ಬೆವರಿಗೆ ಅದು ಕೆನ್ನೆಗೆ ಇಳಿದಿತ್ತು. ಬಾಗಿಲಲ್ಲಿ ಬಂದವರ ಎದೆಗೆ ಬಿಲ್ಲೆ ಹಚ್ಚುತ್ತಿದ್ದ ಮರಾಠಿ ಹೆಂಗಸೊಬ್ಬರು ನನ್ನ ಮುಖ ನೋಡಿ ಮೆಲ್ಲಗೆ, "ಕಾಯ್ ಝಾಲಂ ಬಾಳಾ? ಕೋಣ್ ಗೇಲಂ?" ಅಂದರು. ಏನಾಯಿತಪ್ಪ, ಯಾರು ತೀರಿಕೊಂಡರು ಅಂತ. ನಾನು ಕಣ್ಣೊರೆಸಿಕೊಂಡು ಕಾಡಿಗೆಯನ್ನು ಇನ್ನಷ್ಟು ಹರಡಿಕೊಂಡೆ.

ಮಧ್ಯಾಹ್ನ ಕನ್ನಡ ಕಥೆಗಳ ಸರದಿ. ಮಾಮಿ ಹಿಂದಿನ ಸಾಲಿನಲ್ಲಿ, ಪಕ್ಕದ ಬಾಗಿಲ ಹತ್ತಿರ ಕೂತಿದ್ದರು. ಕಾಕಾ ನನ್ನ ಮಗ್ಗುಲಲ್ಲೇ ಇದ್ದರು. ಎಲ್ಲರಿಗೂ ಮೊದಲು ಅವರದೇ ಕಥೆ ಬಂದಿದೆ ಎಂದು ನನಗೆ ಎರಡನೆಯ ವಾಕ್ಯಕ್ಕೇ ಗೊತ್ತಾಯಿತು — ದೆವ್ವ ಆಗಲೇ ಯಾರಿಗೋ ಕ್ಷೇಮಸಮಾಚಾರ ಕೇಳುತ್ತಿತ್ತು.

ಕಥೆ ಒಬ್ಬ ಎಳೆಯ ತಾಯಿಯದು. ಬಾಣಂತನದಲ್ಲಿ ತೀರಿಕೊಂಡವಳು ಮಗುವನ್ನು ಒಮ್ಮೆ ನೋಡಿ ಹೋಗಲು ಮನೆಗೆ ಬರುತ್ತಾಳೆ. ನಟರು ಅದನ್ನೂ ಖಳನಾಯಕನ ಗಂಟಲಿನಲ್ಲೇ ಓದುತ್ತಿದ್ದರು. ಆದರೂ — ಇದನ್ನು ನಾನು ಯಾರಿಗೂ ಹೇಳಿರಲಿಲ್ಲ — ಆದರೂ ಸಭೆ ಕರಗುತ್ತಿತ್ತು. ಅರೆಬೆಳಕಿನಲ್ಲಿ ನನಗೆ ಕಾಣುತ್ತಿತ್ತು. ಮುಂದೆ ಕೂತ ದಪ್ಪ ಮನುಷ್ಯ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. ಒಬ್ಬಾಕೆ ಮಡಿಲಿನ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಯಾರೂ ಹೆದರಿರಲಿಲ್ಲ. ಆದರೆ ಯಾರೂ ಕೆಮ್ಮಲೂ ಇಲ್ಲ. ಕಾಕಾ ಅವರಿಗೆ ಅದು ಕಂಡಿತೋ ಇಲ್ಲವೋ — ಅವರು ತಲೆ ತಗ್ಗಿಸಿ ಕೈಬೆರಳು ಹೊಸೆಯುತ್ತಿದ್ದರು.

ಆ ತಾಯಿ ಅಂಗಳಕ್ಕೆ ಬಂದಳು. ಒಮ್ಮೆಲೇ ಒಳಗೆ ಹೋದರೆ ಮನೆಯವರು ಬೆಚ್ಚಿಬಿದ್ದಾರು, ಅತ್ತೆಗೆ ವಯಸ್ಸಾಗಿದೆ — ಎಂದು ತುಳಸಿಕಟ್ಟೆಯ ಹತ್ತಿರ ನಿಂತು, ತಾನು ಬಂದಿದ್ದೇನೆಂದು ಮುಂಚಿತವಾಗಿ ತಿಳಿಸಲು ಕಾಲನ್ನು ಮೆಲ್ಲಗೆ ಅಲ್ಲಾಡಿಸಿದಳು. ಗೆಜ್ಜೆಯ ಸಪ್ಪಳವಾಯಿತು.

ಆಗ ಮಾಮಿ ಚೀರಿದರು.

ಅದನ್ನು ವರ್ಣಿಸುವ ಶಕ್ತಿ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ದೊಡ್ಡ ಕಾದಂಬರಿಕಾರನಾಗಿರುತ್ತಿದ್ದೆ. ಅಂತಃಪಟ ಕಿತ್ತು ನಟರ ಮೇಲೆ ಬಿತ್ತು. 'ಶುಭವಿವಾಹ'ದ 'ಶು' ಕಳಚಿ ಅಧ್ಯಕ್ಷರ ಮಡಿಲಿಗೆ ಬಂತು. ಮಡಿಲಿನ ಕೂಸುಗಳು ಅತ್ತವು. ಅಡುಗೆಮನೆಯಿಂದ ಸೌಟು ಹಿಡಿದು ಇಬ್ಬರು ಓಡಿಬಂದರು. ಕುರ್ಚಿ ಬಿತ್ತು, ನೀರು ತನ್ನಿ ಅಂದರು, ಲೈಟು ಹಾಕಿ ಅಂದರು. ಲೈಟು ಬರುವಷ್ಟರಲ್ಲಿ ಮಾಮಿ ಗುರುತು ಸಿಗದಂತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿಯಾಗಿತ್ತು. ನೋಡಿದವರಿಗೆ ಕಂಡದ್ದು — ಕಥೆಗೆ ಹೆದರಿ ಅಳುತ್ತಾ ಓಡಿಹೋದ ಒಬ್ಬ ಹೆಂಗಸಿನ ಬೆನ್ನು.

ಅಧ್ಯಕ್ಷರು ಪದ್ಧತಿ ಮುರಿದು ಅಲ್ಲೇ ಕೇಳಿದರು, ಇದು ಯಾರ ಕಥೆ? ಕಾಕಾ ಎದ್ದು ನಿಂತರು. ಚಪ್ಪಾಳೆಯೋ ಚಪ್ಪಾಳೆ. ಅವರು ವೇದಿಕೆಯ ಕಡೆ ಹೋಗಲಿಲ್ಲ — ಪಕ್ಕದ ಬಾಗಿಲಿಗೆ ಓಡಿದರು. ನಾನು ಕಿಟಕಿಯ ಕರಿ ಬಟ್ಟೆ ಸರಿಸಿ ನೋಡಿದೆ. ಆ ವಯಸ್ಸಿನ ಮನುಷ್ಯ ಬರಿಗಾಲಲ್ಲಿ, ಬಿಸಿಲಿನಲ್ಲಿ, ರಸ್ತೆಯ ಮಧ್ಯ ನಿಂತು ರಿಕ್ಷಾದವರನ್ನು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಒಬ್ಬ ಹೆಣ್ಣುಮಗಳು ಈ ಕಡೆ ಬಂದರಾ? ಎಲ್ಲಿ ಹೋದರು?

ಆಗಲೇ ಇಳಿದುಹೋಗಿ ಹೇಳಬಹುದಿತ್ತು. ಮೆಟ್ಟಿಲು ಬಹಳವೇನಿರಲಿಲ್ಲ.

ಒಳಗೆ ಕರೆತಂದು ಶಾಲು ಹೊದಿಸಿದರು. ಮೈಕಿನಲ್ಲಿ ಕಾಕಾ ಎರಡೇ ಮಾತು ಆಡಿದರು. "ಆ ತಾಯಿ ಯಾರರ ಇರ್ಲಿ. ತಪ್ಪಾತು, ಕ್ಷಮಾ ಮಾಡ್ರಿ." ಎಂಥ ವಿನಯ ಅಂತ ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಗಲಾಟೆಯಲ್ಲಿ ಉಳಿದ ಅರ್ಧ ಕಥೆಯನ್ನು ಓದುವುದು ಯಾರಿಗೂ ನೆನಪಾಗಲಿಲ್ಲ. ಕಥೆಯ ಆ ತಾಯಿ ಅಂಗಳದಲ್ಲೇ ನಿಂತಳು.

ಚಹಾ ಆದ ಮೇಲೆ ನನ್ನ ಕಥೆ. ಅಷ್ಟರೊಳಗೆ ಮತ್ತೆರಡು ಕಥೆಗಳಲ್ಲೂ ಗೆಜ್ಜೆ ಬಂದುಹೋಗಿತ್ತು. ನನ್ನ ಗೆಜ್ಜೆಯ ಸರದಿ ಬಂದಾಗ ನಾನು ಕಣ್ಣು ಮುಚ್ಚಿದೆ. ಹಿಂದೆ ಯಾರೋ ಆಕಳಿಸಿದರು. ಇನ್ನೊಬ್ಬರು ಅವಲಕ್ಕಿ ಚಿವಡಾದ ಪೊಟ್ಟಣ ಬಿಚ್ಚಿದರು.

ಮನೆಗೆ ಬಂದರೆ ಮಾಮಿ ಬಾಗಿಲಲ್ಲೇ ನಿಂತಿದ್ದರು. "ಹ್ಯಾಂಗಿತ್ತೋ?"

"ಮಾಮಿ, ಅದು ನನ್ನ ಕಥಿ ಅಲ್ಲರಿ! ಕಾಕಾನ ಕಥಿ!"

"ನೀ ಗೆಜ್ಜಿ ಅಂದಿ. ಗೆಜ್ಜಿ ಬಂತು, ಚೀರಿದೆ. ನಿನ್ನ ದೆವ್ವಕ್ಕಷ್ಟ ಕಾಲ ಅದಾವೇನು?"

ನಾನು ನಳದ ಹತ್ತಿರ ಹೋಗಿ ಕೆನ್ನೆಯ ಕಾಡಿಗೆ ತೊಳೆದುಕೊಂಡೆ.

ಇಲ್ಲಿಯವರೆಗೆ ಹೇಳಿದ್ದು ಮಂಗಾಟ. ತಪ್ಪು ಇನ್ನು ಮುಂದೆ.

ಸಂಪಾದಕರು ಮರುದಿನವೇ ಕಾಕಾ ಮನೆಗೆ ಹೋಗಿ ಧಾರಾವಾಹಿ ಕೇಳಿದರು. ಕಾಕಾ ಒಲ್ಲೆ ಅಂದರು. "ನಾ ಇನ್ನ ಬರಿಯೂದಿಲ್ರಿ. ನಮ್ಮ ಹುಡುಗ ಒಬ್ಬ ಅದಾನ, ಅವನ್ನ ಕೇಳ್ರಿ" ಅಂತ ನನ್ನ ಹೆಸರು ಹೇಳಿದರು. ಹೀಗೆ — ನಾನು ಕದಿಯಲು ಹೋಗಿ ಕೈತಪ್ಪಿದ್ದನ್ನು ಅವರೇ ತಂದು ನನ್ನ ಕೈಗಿಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಧಾರಾವಾಹಿ ಬಂತು. ನನ್ನ ಫೋಟೋ ಬಂತು. ಜನ ಗುರುತಿಸದಿದ್ದರೂ ಗುರುತಿಸಿಯಾರು ಅಂತ ತಲೆ ಬಾಚಿಕೊಂಡು ಹೊರಬೀಳುತ್ತಿದ್ದೆ. ಸುಖವಾಗಿದ್ದೆ. ಸುಳ್ಳು ಯಾಕೆ, ಚೆನ್ನಾಗಿ ನಿದ್ದೆ ಬರುತ್ತಿತ್ತು.

ಕಾಕಾ ಬರೆಯುವುದು ನಿಂತಿತು. ನಾನು ಅದಕ್ಕೆ ಒಂದು ಅರ್ಥ ಮಾಡಿಕೊಂಡೆ — ಗೆದ್ದ ಪೈಲವಾನ ಅಖಾಡಾ ಬಿಡುವ ಹಾಗೆ, ಒಂದು ಚೀರು ಸಿಕ್ಕಿತು, ತೃಪ್ತರಾದರು. ಪೇಠೆಯಲ್ಲಿ ಅವರಿಗೆ 'ಭೂತ್‌ಕಾಕಾ' ಎಂದು ಹೆಸರು ಬಿದ್ದಿತ್ತು. ಚಹಾದಂಗಡಿಯವನು ಗಿರಾಕಿಗಳಿಗೆ ತೋರಿಸುತ್ತಿದ್ದ: ಇವರ ಕಥೆ ಕೇಳಿ ಹೆಂಗಸರು ಓಡಿಹೋಗುತ್ತಾರೆ. ಕಾಕಾ ತಲೆ ತಗ್ಗಿಸಿ ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ನಾಚಿಕೆ, ಅಂದುಕೊಂಡೆ. ಮುದುಕರ ಸಂತೋಷ ಹೀಗೇ ಇರುತ್ತದೆ, ಅಂದುಕೊಂಡೆ. ಈಗ ನಿಜ ಹೇಳಿ ಅವರ ಒಂದೇ ಒಂದು ಚೀರನ್ನು ಕಸಿದುಕೊಳ್ಳುವುದು ಪಾಪ — ಎಷ್ಟು ಚಂದದ ಸಮಾಧಾನ! ಕಾದಂಬರಿಯಲ್ಲಿ ಬರದ ನಯ ನನಗೆ ಇಂಥದರಲ್ಲಿ ಬರುತ್ತಿತ್ತು.

ವರ್ಷಗಳು ಹೋದವು. ಧಾರಾವಾಹಿಯಿಂದ ಹೊಟ್ಟೆ ತುಂಬದೆ ನಾನು ಹಿಂಜವಾಡಿಯ ಒಂದು ಕಂಪನಿ ಸೇರಿದೆ. ಯಂತ್ರ ಬಳಸುವುದು ಹೇಗೆ ಎಂಬ ಪುಸ್ತಿಕೆಗಳನ್ನು ಬರೆಯುವ ಕೆಲಸ. ಅವನ್ನೂ ಯಾರೂ ಪೂರ್ತಿ ಓದುವುದಿಲ್ಲ, ಆದ್ದರಿಂದ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ. ಆಮೇಲೆ ಒಂದು ದಿನ ಕಾಕಾ ಅವರ ಕಣ್ಣಿನ ಆಪರೇಷನ್ ಆಯಿತು. ನೋಡಲು ಹೋದೆ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ರಸ್ತೆ ಕಡೆಯ ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದರು. ಮುಂಜಾನೆಯ ಮರಾಠಿ ಪೇಪರು ಮಡಿಲಲ್ಲಿತ್ತು.

"ಛಲೋ ಆತು ಬಂದಿ. ಸ್ವಲ್ಪ ಓದಿ ಹೇಳು."

"ಯಾವ ಸುದ್ದಿ ಓದ್ಲಿ ಕಾಕಾ?"

"ತೀರಿಕೊಂಡವರದು. ಹೆಂಗಸರದಷ್ಟ ಓದು."

ನಾನು ನಕ್ಕೆ. ಭೂತ್‌ಕಾಕಾ ಹೊಸ ಪಾತ್ರಗಳನ್ನು ಹುಡುಕುತ್ತಿದ್ದೀರಾ ಅಂತ ಏನೋ ಒಂದು ಕುಚೋದ್ಯ ಮಾಡಿದೆ. ಅವರು ನಗಲಿಲ್ಲ.

"ಆ ಹೆಣ್ಣಮಗಳು ಚೀರಿ ಓಡಿಹೋದಳಲ್ಲಾ. ಆಕೀ ಹೆಸರು ಗೊತ್ತಿಲ್ಲ, ಮಾರಿ ನೋಡಿಲ್ಲ. ಎದಿಗೆ ಏನರ ಪೆಟ್ಟು ಬಿದ್ದಿತ್ತೋ, ಬಸಿರಿ ಇದ್ದಳೋ... ಓದಿದ್ರ ಏನ ತಿಳೀತದ, ಖರೆ. ಆದ್ರೂ ಆವತ್ತಿನಿಂದ ನೋಡತೀನಿ. ರೂಢಿ ಆಗೇದ."

ಆವತ್ತಿನಿಂದ. ಪ್ರತಿ ಮುಂಜಾನೆ. ನಾನು ಸಂತೋಷ ಅಂದುಕೊಂಡಿದ್ದು — ಆ ತಗ್ಗಿಸಿದ ತಲೆ, ಬಸಿಯ ಚಹಾ — ಅದು ಇದಾಗಿತ್ತು. ಅವರ ಸುಖವನ್ನು ಕಾಯುತ್ತಿದ್ದೇನೆ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಕಾಯಲು ಅಲ್ಲಿ ಸುಖವೇ ಇರಲಿಲ್ಲ. ಒಮ್ಮೆ ಕೇಳಿದ್ದರೆ ಸಾಕಾಗಿತ್ತು, ಯಾಕೆ ಬರೆಯುವುದಿಲ್ಲ ಕಾಕಾ ಅಂತ. ಕೇಳಲಿಲ್ಲ. ಕೇಳಿದರೆ ಮುಂದಿನದನ್ನು ಹೇಳಬೇಕಾಗುತ್ತಿತ್ತಲ್ಲ.

ಪೇಪರು ಮಡಚಿ ಇಟ್ಟೆ.

"ಕಾಕಾ, ಆಕಿ ನಮ್ಮ ವಾಡೇದ ಸುಮಿತ್ರಾ ಮಾಮಿ. ನಾನ ಕರಕೊಂಡ ಬಂದಿದ್ದೆ. ನನ್ನ ಕಥಿಗೆ ಚೀರ್ರಿ ಅಂತ ಹೇಳಿದ್ದೆ. ನಿಮ್ಮ ಕಥಿಗೆ ಚೀರಿದರು."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಹೊಡೆಯುತ್ತಲೇ ಇದ್ದರು.

"ಆರಾಮ ಅದಾಳಾ?"

"ಇವತ್ತ ಮುಂಜಾನೆ ಹಾಲಿನವನ ಜೋಡಿ ಜಗಳಾಡಿದಾರ್ರಿ."

ಕಾಕಾ ಉಸಿರು ಬಿಟ್ಟರು. ಅಷ್ಟು ದೊಡ್ಡ ಉಸಿರು ಆ ಸಣ್ಣ ಎದೆಯಲ್ಲಿ ಇಷ್ಟು ದಿನ ಎಲ್ಲಿತ್ತೋ. ಆಮೇಲೆ ನಿಧಾನವಾಗಿ ಕೇಳಿದರು —

"ಹಂಗಾರ... ಯಾರೂ ಹೆದರಿದ್ದಿಲ್ಲ?"

ಇದಕ್ಕಿಂತ ಬೈದಿದ್ದರೆ ಒಳ್ಳೆಯದಿತ್ತು. ಜನ ಅಳುತ್ತಿದ್ದರು ಕಾಕಾ, ಉಸಿರು ಹಿಡಿದು ಕೂತಿದ್ದರು, ನಾನೇ ಕಂಡೆ — ಅಂತ ಹೇಳಲು ಶುರುಮಾಡಿದೆ. ಕೈ ಎತ್ತಿ ತಡೆದರು. ಅದು ನನ್ನ ಬಾಯಿಂದ ಬಂದರೆ ಅವರು ಯಾಕೆ ನಂಬಬೇಕು?

"ಇವತ್ತ ಹೋಗು. ನಾ ಕರೀತನಕಾ ಬರಬ್ಯಾಡ."

ಹೋದೆ. ಗಣಪತಿ ಹಬ್ಬ ಬಂತು, ಹೋಯಿತು. ದಸರೆಯ ಬನ್ನಿ ಕೊಡಲೂ ಹೋಗಲಿಲ್ಲ. ಮಾಮಿ ಮಾತ್ರ ನನಗೆ ಹೇಳದೆ ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, "ನಾ ಗಟ್ಟಿಮುಟ್ಟ ಅದೀನ್ರಿ, ನೋಡ್ಕೋರ್ರಿ" ಅಂತ ಹೇಳಿ ಚಹಾ ಕುಡಿದು ಬಂದರಂತೆ. ಅಷ್ಟು ಸುಲಭವಿತ್ತು ಅದು. ದೀಪಾವಳಿ ಕಳೆದ ಮೇಲೆ ಫೋನು ಬಂತು. ನಮಸ್ಕಾರವಿಲ್ಲ, ಏನಿಲ್ಲ. "ಐತವಾರ ಬಾ. ಬರಿಯಾಕ ಬರತದಲ್ಲ ನಿನಗ?" ಬರುತ್ತದೆ ಎಂದು ಎದೆ ತಟ್ಟಿ ಹೇಳಿಕೊಂಡು ತಿರುಗಿದ್ದ ನಾನು ಶನಿವಾರವೇ ಎರಡು ಪೆನ್ನು ಕೊಂಡಿಟ್ಟುಕೊಂಡೆ.

ಹಳೆಯ ಕಥೆಯ ಹಾಳೆಗಳು ಆ ದಿನದ ಗಲಾಟೆಯಲ್ಲಿ ಎಲ್ಲೋ ಹೋಗಿದ್ದವು. ಆಪರೇಷನ್ ಆದರೂ ಅವರಿಗೆ ಈಗ ಅಕ್ಷರ ಕೂಡಿಸಿ ಬರೆಯುವಷ್ಟು ಕಣ್ಣು ಕಾಣುವುದಿಲ್ಲ. ಪ್ರತಿ ಭಾನುವಾರ ಮುಂಜಾನೆ ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹೊಸ ದೆವ್ವಗಳು, ಹಳೆಯವಕ್ಕಿಂತ ಸಂಭಾವಿತವಾಗಿವೆ. ನಿನ್ನೆಯ ದೆವ್ವ ನೆರೆಮನೆಯವರ ಹಪ್ಪಳಕ್ಕೆ ಕಾಗೆ ಬರದಂತೆ ಕಾವಲು ಕೂತಿತ್ತು. ನನ್ನ ಕೈ ತುರಿಸುತ್ತದೆ — ಇಲ್ಲೊಂದು ರಕ್ತದ ಕಲೆ ಇಟ್ಟರೆ, ಅಲ್ಲೊಂದು ನರಳಾಟ — ಇಡುವುದಿಲ್ಲ. ಅವರು ಹೇಳಿದ್ದನ್ನೇ ಬರೆಯುತ್ತೇನೆ. ಕ್ಷಮಿಸಿದೆ ಅಂತ ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಅವರ ಕೈಯಿಂದ ಬರಬೇಕಿದ್ದ ಆ ವರ್ಷಗಳ ಕಥೆಗಳಿಗೆ ನಾನು ಏನು ಕೊಟ್ಟರೂ ಸರಿಹೋಗುವುದಿಲ್ಲ.

ಪುಟ ತುಂಬಿದಾಗಲೆಲ್ಲ ಓದಿಸುತ್ತಾರೆ. ಕಣ್ಣು ಮುಚ್ಚಿ ಕೇಳುತ್ತಾರೆ. ಮುಗಿದ ಮೇಲೆ ಒಂದೇ ಪ್ರಶ್ನೆ.

"ಹೆದರಿಕಿ ಬರತದೇನೋ?"

ಒಮ್ಮೊಮ್ಮೆ ನಾಲಿಗೆಯ ತುದಿಗೆ ಬರುತ್ತದೆ — ಹೌದ್ರಿ, ಸ್ವಲ್ಪ, ಬೆನ್ನಿನ ಹತ್ತಿರ. ಮುದುಕರಿಗೆ ಎಷ್ಟು ಖುಷಿಯಾದೀತು ಅಂತ.

"ಇಲ್ರೀ ಕಾಕಾ. ಎಳ್ಳಷ್ಟೂ ಇಲ್ಲ."

"ಖರೇನ?"

"ಖರೇನ್ರಿ."

"ಛಲೋ ಆತು," ಅನ್ನುತ್ತಾರೆ. "ಮುಂದ ಬರಿ."